ಬೋನ್ಸಾಯ್ ಚಟ್ಟಿ: ಮುಖ ನೋಡುವ ಮೊದಲು ಬುಡ ನೋಡಿ

ಬೋನ್ಸಾಯ್ ಚಟ್ಟಿ ಕೊಳ್ಳಲು ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಆಕಾರ, ಕೊನೆಗೆ ಬೆಲೆ. ನಾನೂ ವರ್ಷಗಟ್ಟಲೆ ಹಾಗೆಯೇ ಕೊಂಡವನು. ಈಗ ಚಟ್ಟಿ ಕೈಗೆ ಬಂದ ಕೂಡಲೇ ಕವುಚಿ ಹಿಡಿಯುತ್ತೇನೆ. ಬುಡದಲ್ಲಿ ಎಷ್ಟು ತೂತು ಉಂಟು, ಕಾಲು ಎಷ್ಟು ಎತ್ತರ, ಒಳಗಡೆ ತೂತಿನ ಸುತ್ತ ತಗ್ಗೋ ಉಬ್ಬೋ ಎಂದು ನೋಡಿ, ಸರಿ ಕಂಡರೆ ಮಾತ್ರ ಅದರ ಮುಖ ನೋಡುವುದು. ಮಂಗಳೂರು, ಉಡುಪಿಯಲ್ಲಿ ಗಿಡ ಸಾಕುವವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಆದರೂ ಒಂದು ಸಣ್ಣ ಲೆಕ್ಕ ಹಾಕೋಣ. ಒಳಗಿನ ಅಳತೆ 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 6 ಸೆಂ.ಮೀ. ಆಳ ಇರುವ ಚಟ್ಟಿ ಹಿಡಿಸುವುದು 3.6 ಲೀಟರ್. ಆಟಿಯ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದೇ ದಿನ 100 ಮಿ.ಮೀ. ಮಳೆ ಹೊಯ್ಯುವುದು ನಮಗೆ ಹೊಸತಲ್ಲ. ಅಂಥ ಒಂದು ದಿನ ಆ ಚಟ್ಟಿಯ ಬಾಯಿಗೆ 6 ಲೀಟರ್ ನೀರು ಬೀಳುತ್ತದೆ. ಇಡೀ ಚಟ್ಟಿ ಹಿಡಿಸುವುದಕ್ಕಿಂತ ಹೆಚ್ಚು ನೀರು ಬುಡದ ಎರಡು ತೂತಿನಿಂದ ಹೊರಗೆ ಹೋಗಬೇಕು, ಮರುದಿನ ಮತ್ತೆ ಹೋಗಬೇಕು. ನಮ್ಮ ಕರಾವಳಿಯಲ್ಲಿ ಜುಲೈ ಒಂದೇ ತಿಂಗಳ ಮಳೆ ಸಾವಿರ ಮಿ.ಮೀ. ದಾಟುವುದು ವಾಡಿಕೆ. ಟೋಕಿಯೋ ನಗರಕ್ಕೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 1,600 ಮಿ.ಮೀ. ಬೋನ್ಸಾಯ್ ಚಟ್ಟಿಯ ನಿಯಮಗಳು ರೂಪುಗೊಂಡದ್ದು ಅಂಥ ಊರುಗಳಲ್ಲಿ. ಅವನ್ನು ಇಲ್ಲಿಗೆ ತರುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ನೋಡಿಯೇ ತರಬೇಕು.

ಬಿಡಬಹುದಾದದ್ದರಲ್ಲಿ ಮೊದಲನೆಯದು ಹಿಮದ ಭಯ. ಜಪಾನ್, ಯುರೋಪಿನವರ ಬರಹ ಓದಿದರೆ ಕಡಿಮೆ ಉರಿಯಲ್ಲಿ ಸುಟ್ಟ ಮಣ್ಣಿನ ಚಟ್ಟಿ ಬೇಡವೇ ಬೇಡ ಅನ್ನುತ್ತಾರೆ. ಅಂಥ ಮಣ್ಣು ನೀರು ಕುಡಿಯುತ್ತದೆ, ಕುಡಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಚಟ್ಟಿ ಸೀಳುತ್ತದೆ. ಡಿಸೆಂಬರಿನ ಬೆಳಗ್ಗೆಯೂ ಪಾದರಸ 20 ಡಿಗ್ರಿಯ ಆಸುಪಾಸಿನಲ್ಲಿರುವ ನಮಗೆ ಈ ಕಾರಣವೇ ಇಲ್ಲ. ಊರಿನ ಮಣ್ಣಿನ ಚಟ್ಟಿಯನ್ನು ಅವರ ಮಾತು ಕೇಳಿ ದೂರ ಇಡುವುದು ಬೇಡ. ಅದರ ಕಷ್ಟಗಳು ಬೇರೆ, ಮುಂದೆ ಹೇಳುತ್ತೇನೆ.

ತಟ್ಟೆಯ ಆಳ, ನೀರಿನ ಹಟ

ಆಳವಿಲ್ಲದ ಚಟ್ಟಿಯಲ್ಲಿ ನೀರು ಬೇಗ ಬಸಿದುಹೋಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಆಗುವುದು ತಿರುಗಾಮುರುಗಾ. ಅಡುಗೆಮನೆಯ ಸ್ಪಂಜನ್ನು ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡಕ್ಕೆ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಹಿಂಡದೆ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಚಟ್ಟಿಯ ತಳದಲ್ಲೂ ಹೀಗೇ ಒಂದು ಪದರ ನೀರು ತೂತಿದ್ದರೂ ಇಳಿಯದೆ ನಿಲ್ಲುತ್ತದೆ. ಆ ಪದರ ಎಷ್ಟು ದಪ್ಪ ಎಂಬುದು ಮಣ್ಣಿನ ಕಾಳಿನ ಗಾತ್ರದ ಮೇಲೆ ನಿಂತಿದೆ, ಚಟ್ಟಿಯ ಆಳದ ಮೇಲಲ್ಲ. ಎರಡು ಸೆಂ.ಮೀ. ಪದರ 20 ಸೆಂ.ಮೀ. ಆಳದ ಚಟ್ಟಿಯಲ್ಲಿ ಹತ್ತರಲ್ಲೊಂದು ಪಾಲು, 5 ಸೆಂ.ಮೀ. ತಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧ. ಬೇರು ಕೊಳೆಯುವುದು ಅಲ್ಲಿ.

ಆದ್ದರಿಂದ ಚಟ್ಟಿ ತಟ್ಟೆಯಾದಷ್ಟೂ ಒಳಗಿನ ಕಾಳು ದೊಡ್ಡದಿರಬೇಕು. ಇದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಸಾಮಾನು ಬೇರೆಲ್ಲೂ ಸುಲಭಕ್ಕೆ ಸಿಗದು. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ನೇತ್ರಾವತಿಯ ದಡದಲ್ಲಿ ಶುರುಮಾಡಿದ ಹಂಚಿನ ಕೆಲಸದಿಂದಾಗಿ ಇಲ್ಲಿನ ಹಳೆ ಮನೆ ಕೆಡವಿದಲ್ಲೆಲ್ಲ ಒಡೆದ ಹಂಚಿನ ರಾಶಿ ಬಿದ್ದಿರುತ್ತದೆ. ಅದನ್ನು ಕುಟ್ಟಿ, ಹುಡಿಯನ್ನು ಜರಡಿಯಾಡಿ ತೆಗೆದು, 3ರಿಂದ 6 ಮಿ.ಮೀ. ಕಾಳನ್ನು ಮಾತ್ರ ಇಟ್ಟುಕೊಳ್ಳಿ. ನೀರು ಹೀರುತ್ತದೆ, ಕರಗುವುದಿಲ್ಲ, ಮಳೆಗಾಲ ಮುಗಿಯುವಾಗ ಕೆಸರಾಗಿರುವುದಿಲ್ಲ. ಹಂಚಿನ ಒಂದು ತುಂಡಿಗೆ ಇನ್ನೊಂದು ಕೆಲಸವೂ ಉಂಟು. ಮಳೆ ಜೋರಾದ ವಾರಗಳಲ್ಲಿ ಚಟ್ಟಿಯ ಒಂದು ತುದಿಯ ಕೆಳಗೆ ಅದನ್ನು ಕೊಟ್ಟು ಓರೆ ಮಾಡಿ. ನೆಟ್ಟಗೆ ನಿಂತ ಸ್ಪಂಜಿನ ಹಾಗೆ ಹಿಡಿದಿಟ್ಟ ನೀರೂ ತಗ್ಗಿನ ತೂತಿನಿಂದ ಇಳಿಯುತ್ತದೆ.

ಇದೆಲ್ಲ ಕೆಲಸ ಮಾಡಬೇಕಾದರೆ ತೂತು ಚಟ್ಟಿಯ ಅತಿ ತಗ್ಗಿನ ಜಾಗದಲ್ಲಿರಬೇಕು. ಅಂಗಡಿಯಲ್ಲೇ ಒಂದು ಲೋಟ ನೀರು ಹೊಯ್ದು ನೋಡಿ. ಅಗ್ಗದ ಚಟ್ಟಿಗಳಲ್ಲಿ ತೂತಿನ ಸುತ್ತ ಅಚ್ಚಿನ ಅಂಚು ಉಬ್ಬಿ, ಮೂಲೆಗಳಲ್ಲಿ ನೀರು ಕೆರೆಯಂತೆ ನಿಂತಿರುತ್ತದೆ. ಬೆಲೆ ಎಷ್ಟೇ ಇಳಿಸಿದರೂ ಅಂಥದ್ದು ಬೇಡ. ಕಾಲು ಒಂದು ಸೆಂಟಿಮೀಟರಾದರೂ ಎತ್ತರ ಇರಲಿ. ಪಾಚಿ ಹಿಡಿದ ತಾರಸಿಗೆ ಅಂಟಿ ಕೂತ ಚಟ್ಟಿಯ ತೂತು ಇದ್ದೂ ಇಲ್ಲದಂತೆ. ಇದರ ಜೊತೆಗೆ ಗಿಡವನ್ನು ತಂತಿಯಲ್ಲಿ ಕಟ್ಟಲು ನಾಲ್ಕು ಸಣ್ಣ ತೂತುಗಳಿದ್ದರೆ ಒಳ್ಳೆಯದು. ಜೂನಿನ ಗಾಳಿಗೆ ಕಟ್ಟದ ಗಿಡ ಅಲುಗಾಡಿ ಹೊಸ ಬೇರೆಲ್ಲ ಹರಿದುಹೋಗುತ್ತದೆ.

ಊರಿನ ಕುಂಬಾರರ ಚಟ್ಟಿ

ನನಗೆ ಅತಿ ಪ್ರೀತಿಯ ಆಯ್ಕೆ ಇದು, ಹಾಗಾಗಿ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಮೀನಿನ ಗಸಿ ಮಾಡುವ ಮಣ್ಣಿನ ಬಿಸಲೆ ನೋಡಿದವರಿಗೆ ಅದರ ಆಕಾರದಲ್ಲೇ ಅರ್ಧ ಬೋನ್ಸಾಯ್ ಚಟ್ಟಿ ಕಾಣುತ್ತದೆ. ಅಗಲ ಬಾಯಿ, ಕಡಿಮೆ ಆಳ, ಮೆತ್ತನೆಯ ತಿರುವು. ಪೆರ್ಡೂರು ಕಡೆಯ ಹಿರಿಯ ಕುಂಬಾರರೊಬ್ಬರಲ್ಲಿ ಮೊದಲ ಸಲ ಹೋಗಿ, ಮನೆಯಲ್ಲಿದ್ದ ಬಿಸಲೆಗೆ ಡ್ರಿಲ್ಲಿನಲ್ಲಿ ತೂತು ಹಾಕಿದ್ದೇನೆ, ಮೂರರಲ್ಲಿ ಎರಡು ಒಡೆದವು ಎಂದೆ. "ತೂತು ಹಸಿಯಲ್ಲೇ ಮಾಡ್ಬೇಕು ಮಾರಾಯ್ರೆ, ಸುಟ್ಟ ಮೇಲೆ ಕೊರೆದ್ರೆ ನಿಲ್ಲುದಿಲ್ಲ. ಮೊದಲೇ ಹೇಳಿದ್ರೆ ನಾನೇ ಮಾಡಿ ಕೊಡ್ತಿದ್ದೆ" ಎಂದರು. ಅಲ್ಲಿಂದ ಹೇಳಿ ಮಾಡಿಸಲು ಶುರುಮಾಡಿದೆ.

ಹೇಳುವಾಗ ನೆನಪಿಡಬೇಕಾದವು ಕೆಲವು ಉಂಟು. ತಿಗರಿಯ ಮೇಲೆ ಆಗುವುದು ಉರುಟು, ಅಂದರೆ ದುಂಡನೆಯ ಚಟ್ಟಿ. ಆಯತ ಬೇಕೆಂದು ಒತ್ತಾಯಿಸಿದರೆ ಹಲಗೆಯ ಹಾಗೆ ಮಣ್ಣು ತಟ್ಟಿ ಜೋಡಿಸಬೇಕು, ಒಣಗುವಾಗ ಮೂಲೆ ಎದ್ದು ಸೊಟ್ಟಗಾಗುತ್ತದೆ. ಉರುಟಿಗೇ ಒಪ್ಪಿಕೊಳ್ಳಿ, 30 ಸೆಂ.ಮೀ.ಗಿಂತ ದೊಡ್ಡದು ಕೇಳಬೇಡಿ. ಮಣ್ಣು ಒಣಗಿ ಬೆಂದಾಗ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. 25 ಸೆಂ.ಮೀ. ಬೇಕಾದರೆ ಸುಟ್ಟ ಮೇಲಿನ ಅಳತೆ ಅದು ಎಂದು ಸ್ಪಷ್ಟವಾಗಿ ಹೇಳಿ, ಇಲ್ಲವಾದರೆ ಹಸಿ ಮಣ್ಣನ್ನು ಅಳೆದು ಮಾಡಿ ಕೊಡುತ್ತಾರೆ. ಮೂರು ಕಾಲು, ಮೂರು ದೊಡ್ಡ ತೂತು, ಬಾಯಿಯ ಅಂಚು ದಪ್ಪ. ಆಳ 7 ಸೆಂ.ಮೀ.ಗಿಂತ ಕಡಿಮೆ ಬೇಡ, ಹಂಚಿನಂಥ ತೆಳು ತಟ್ಟೆ ಈ ಮಣ್ಣಿನಲ್ಲಿ ತಡೆಯುವುದಿಲ್ಲ. ಇನ್ನೊಂದು, ಮಳೆಗಾಲದಲ್ಲಿ ಹಸಿ ಚಟ್ಟಿ ಒಣಗುವುದಿಲ್ಲ, ಆವೆ ಉರಿಸುವುದೂ ಕಷ್ಟ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲು ಚಟ್ಟಿ ನಿಮ್ಮ ಮನೆಯಲ್ಲಿರಬೇಕು. ಅಂದರೆ ಜನವರಿ, ಫೆಬ್ರವರಿಯಲ್ಲೇ ಹೇಳಿಡಬೇಕು.

ಈಗ ಅದರ ಕಷ್ಟಗಳು. ಮಣ್ಣಿನ ಚಟ್ಟಿ ಗೋಡೆಯಿಂದ ನೀರು ಆವಿಯಾಗಿ ಬೇರನ್ನು ತಂಪಾಗಿಡುತ್ತದೆ ಎಂಬ ಮಾತು ಬಯಲುಸೀಮೆಗೆ ಪೂರ್ತಿ ನಿಜ. ಇಲ್ಲಿನ ಗಾಳಿಯಲ್ಲೇ ನೀರು ತುಂಬಿರುವುದರಿಂದ ಆ ತಂಪು ಅಲ್ಲಿನಷ್ಟು ಸಿಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ, ಹಸಿರು ಪಾಚಿ ಹತ್ತುತ್ತದೆ. ಪಾಚಿಯಿಂದ ಗಿಡಕ್ಕೆ ತೊಂದರೆಯಿಲ್ಲ, ನನಗಂತೂ ಅದು ಚಂದವೇ. ನಿಜವಾದ ಶತ್ರು ಉಪ್ಪು. ಕಡಲ ಹತ್ತಿರದ ಬಾವಿಗಳು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತವೆ. ಆ ನೀರು ಗೋಡೆಯೊಳಗೆ ಇಳಿದು ಆವಿಯಾದಾಗ ಉಪ್ಪು ಅಲ್ಲೇ ಹರಳುಗಟ್ಟಿ, ಚಟ್ಟಿಯ ಮೈ ಹುಡಿಹುಡಿಯಾಗಿ ಉದುರುತ್ತದೆ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಮನೆಯಿರುವವರು ಬೇಸಗೆಯಲ್ಲಿ ಮಣ್ಣಿನ ಚಟ್ಟಿಗೆ ಬಾವಿ ನೀರು ಹಾಕುವ ಮೊದಲು ಬಾಯಿಗೆ ಹಾಕಿ ರುಚಿ ನೋಡುವುದು ಒಳ್ಳೆಯದು.

ಸಿಮೆಂಟು, ಪ್ಲಾಸ್ಟಿಕ್, ಮೀನಿನ ಪೆಟ್ಟಿಗೆ

ರಸ್ತೆ ಬದಿಯಲ್ಲಿ ಸಾಲಾಗಿ ಇಟ್ಟು ಮಾರುವ ಸಿಮೆಂಟಿನ ಚಟ್ಟಿ ಗಟ್ಟಿ, ಅಗ್ಗ, ಗಾಳಿಗೆ ಮಗುಚುವುದಿಲ್ಲ. ದೊಡ್ಡ ಗೋಳಿಗೆ (ಆಲಕ್ಕೆ), ಅಂಗಳದಲ್ಲಿ ಒಮ್ಮೆ ಇಟ್ಟು ಮತ್ತೆ ಎತ್ತದ ಮರಕ್ಕೆ ಸರಿ. ಆದರೆ ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಇಳಿಯುತ್ತದೆ. ಎರಡು ಮೂರು ವಾರ ನೀರಲ್ಲಿ ಮುಳುಗಿಸಿ, ನೀರು ಬದಲಿಸುತ್ತ ಇಡಬೇಕು, ಅಥವಾ ಒಂದು ಮಳೆಗಾಲ ಖಾಲಿ ಬಿಟ್ಟುಬಿಡಬೇಕು. ಕೇಪಳಕ್ಕೆ (ಇಕ್ಸೋರಾ ಹೂವಿನ ಗಿಡಕ್ಕೆ) ಮಾತ್ರ ಸಿಮೆಂಟು ಬೇಡ. ಹುಳಿ ಮಣ್ಣು ಬಯಸುವ ಗಿಡ ಅದು. ಸುಣ್ಣ ತಾಗಿದರೆ ನರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಗೊಬ್ಬರ ಕಡಿಮೆಯಾಯಿತೆಂದು ನಾನು ಒಂದು ವರ್ಷ ಇನ್ನಷ್ಟು ಹಾಕಿದ್ದೆ, ತಪ್ಪು ಚಟ್ಟಿಯಲ್ಲಿತ್ತು.

ಬೋನ್ಸಾಯ್ ಆಕಾರದ ಪ್ಲಾಸ್ಟಿಕ್ ತಟ್ಟೆಗಳು ಕಲಿಯುವವರಿಗೆ ಸಾಕು. ನಮ್ಮ ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಅಂಚು ಪುಡಿಯಾಗುತ್ತದೆ, ಅಷ್ಟೆ.

ಗಿಡ ಇನ್ನೂ ಚಿಕ್ಕದು, ಕಾಂಡ ದಪ್ಪವಾಗಬೇಕು ಎನ್ನುವವರು ಚಂದದ ಚಟ್ಟಿಗೆ ಈಗಲೇ ದುಡ್ಡು ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸಣ್ಣ ಚಟ್ಟಿಗೆ ಹೋದ ಗಿಡದ ಕಾಂಡ ದಪ್ಪವಾಗುವುದು ಬಹುತೇಕ ನಿಂತಂತೆಯೇ. ಹೆಬ್ಬೆರಳ ದಪ್ಪದ ಗಿಡವನ್ನು ನೀಲಿ ತಟ್ಟೆಯಲ್ಲಿಟ್ಟರೆ ಹತ್ತು ವರ್ಷ ಕಳೆದರೂ ಅದು ಹೆಬ್ಬೆರಳ ದಪ್ಪದಲ್ಲೇ ಇರಬಹುದು. ಬೆಳೆಯುವ ಕಾಲಕ್ಕೆ ಅಗಲವಾದ, ಒರಟು ಪೆಟ್ಟಿಗೆ ಬೇಕು. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ಇದಕ್ಕೆ ತುಂಬಾ ಒಳ್ಳೆಯದು. ಹಗುರ, ಬಿಸಿಲಿಗೆ ಒಳಗೆ ಕಾಯುವುದಿಲ್ಲ, ತಳದಲ್ಲಿ ಬೇಕಾದಷ್ಟು ತೂತು ಕೊರೆಯಬಹುದು. ಉಪ್ಪು ಹೋಗುವಂತೆ ನಾಲ್ಕೈದು ಸಲ ತೊಳೆದು, ಎರಡು ಮಳೆ ತೋಯಿಸಿ ಬಳಸಿ. ತರಕಾರಿ ತೊಳೆಯುವ ತೂತಿನ ಬುಟ್ಟಿಯೂ ಆಗುತ್ತದೆ. ಅದರಲ್ಲಿ ಬೇರಿನ ತುದಿ ಗಾಳಿಗೆ ಬಂದು ಒಣಗಿ, ಒಳಗೆ ಸಣ್ಣ ಬೇರುಗಳು ಕವಲೊಡೆಯುತ್ತವೆ, ಸುತ್ತಿಕೊಳ್ಳುವುದಿಲ್ಲ.

ಗ್ಲೇಜಿನ ಮೈಯೋ, ಬರಿ ಮೈಯೋ

ಗಾಜಿನಂತೆ ಹೊಳೆಯುವ ಲೇಪ, ಅಂದರೆ ಗ್ಲೇಜ್ ಇರುವ ಚಟ್ಟಿಯೋ, ಲೇಪವಿಲ್ಲದ ಬರಿ ಮೈಯದೋ? ಗಿಡ ತಯಾರಾದ ಮೇಲೆ ಬರುವ ಪ್ರಶ್ನೆ ಇದು. 1,200 ಡಿಗ್ರಿ ದಾಟಿದ ಉರಿಯಲ್ಲಿ ಬೆಂದ ಸ್ಟೋನ್‌ವೇರ್ ಮಣ್ಣು ಕಲ್ಲಿನ ಹಾಗೆ ಬಿಗಿಯುತ್ತದೆ, ನೀರು ಕುಡಿಯುವುದು ತೀರಾ ಕಡಿಮೆ. ತೆಳು ಗೋಡೆಯ ಆಯತದ ತಟ್ಟೆ ಸೊಟ್ಟಗಾಗದೆ ಉಳಿಯುವುದು ಇದರಲ್ಲೇ. ಜಪಾನಿನ ಐಚಿ ಪ್ರಾಂತದ ಟೊಕೊನಾಮೆ, ಚೀನಾದ ಯಿಶಿಂಗ್ ಈ ಕೆಲಸಕ್ಕೆ ಹೆಸರಾದ ಊರುಗಳು. ನಮ್ಮಲ್ಲಿ ಗ್ಲೇಜ್ ಚಟ್ಟಿಗಳು ಉತ್ತರ ಪ್ರದೇಶದ ಖುರ್ಜಾದಲ್ಲಿ ತಯಾರಾಗುತ್ತವೆ. ಬೆರಳ ಗಂಟಿನಿಂದ ತಟ್ಟಿ ನೋಡಿ. ಚೆನ್ನಾಗಿ ಬೆಂದದ್ದು ಲೋಹದಂತೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದಬೊದ ಎನ್ನುತ್ತದೆ.

ಹಳೆಯ ನಿಯಮದ ಪ್ರಕಾರ ಪೈನ್, ಜುನಿಪರ್‌ನಂಥ ಸದಾ ಹಸಿರಿನ ಮರಕ್ಕೆ ಬರಿ ಮೈಯ ಕಂದು ಚಟ್ಟಿ, ಎಲೆ ಉದುರುವ, ಹೂ ಹಣ್ಣಿನ ಮರಕ್ಕೆ ಗ್ಲೇಜ್ ಚಟ್ಟಿ. ಈ ನಿಯಮ ಉಳಿಸಿಕೊಳ್ಳಬೇಕಾದದ್ದು. ಅದರ ಹಿಂದಿರುವುದು ಕಣ್ಣಿನ ಲೆಕ್ಕ, ಹವೆಯ ಲೆಕ್ಕವಲ್ಲ. ನಮ್ಮ ಮರಗಳಿಗೆ ಹೊಂದಿಸಿದರೆ ಗೋಳಿ, ಅಶ್ವತ್ಥ, ಸಣ್ಣ ಎಲೆಯ ಫೈಕಸ್ (ಮೂರೂ ಫೈಕಸ್ ಎಂಬ ಆಲದ ಕುಲದವೇ), ಹುಣಸೆ ಇವಕ್ಕೆಲ್ಲ ಬರಿ ಮೈಯ ಕಂದು, ಬೂದು. ಬೀಳಲು ಬಿಟ್ಟ ಗೋಳಿಯನ್ನು ಹೊಳೆಯುವ ನೀಲಿಯಲ್ಲಿಟ್ಟರೆ ನೋಡುವವರ ಕಣ್ಣು ಬೀಳಲಿಗೆ ಹೋಗುವುದೇ ಇಲ್ಲ. ಕಡುಗುಲಾಬಿ ಬೊಗನ್‌ವಿಲ್ಲಾಕ್ಕೆ ಕೆನೆ ಬಣ್ಣ ಅಥವಾ ಮಾಸಿದ ತಿಳಿನೀಲಿ. ಕೆಂಪು ಕೇಪಳ ತಿಳಿಹಸಿರು ಗ್ಲೇಜಿನಲ್ಲಿ ಹೂ ಬಿಟ್ಟಾಗ ಒಮ್ಮೆ ನೋಡಬೇಕು. ನನ್ನಲ್ಲಿರುವುದರಲ್ಲಿ ಅತಿ ಚಂದದ ಜೋಡಿ ಅದು. ಅಡೇನಿಯಂ ಮತ್ತು ಜೇಡ್ ಮೈಯಲ್ಲೇ ನೀರು ಇಟ್ಟುಕೊಳ್ಳುವ ಗಿಡಗಳು. ಅವಕ್ಕೆ ಬಣ್ಣ ಯಾವುದೇ ಇರಲಿ, ನೀರು ಕುಡಿಯುವ ಮಣ್ಣಿನ ಚಟ್ಟಿ, ಮಳೆಗಾಲಕ್ಕೆ ಮಾಡಿನ ಕೆಳಗಿನ ಜಾಗ.

ಗ್ಲೇಜ್ ಹೊರಗೆ ಮಾತ್ರ ಇರಲಿ. ಒಳಗೂ ನುಣುಪಾಗಿ ಹೊಳೆಯುವುದು ಊಟದ ಪಾತ್ರೆಗೆ ಸರಿ. ಚಟ್ಟಿಯ ಒಳಮೈ ಒರಟಾಗಿದ್ದರೆ ಬೇರಿಗೆ ಹಿಡಿತ ಸಿಗುತ್ತದೆ.

ಆಕಾರದಲ್ಲಿ ಎಚ್ಚರಿಕೆ ಬೇಕಾದದ್ದು ಒಂದೇ. ಬಾಯಿ ಒಳಕ್ಕೆ ಬಾಗಿದ ಚಟ್ಟಿ ನೋಡಲು ಮುದ್ದಾಗಿರುತ್ತದೆ, ಆದರೆ ಫೈಕಸ್ ಜಾತಿಗೆ ಅದನ್ನು ಕೊಳ್ಳಬೇಡಿ. ಎರಡು ಮಳೆಗಾಲದಲ್ಲಿ ಬೇರು ಹೊಟ್ಟೆ ತುಂಬಿಕೊಂಡು, ಬಾಯಿಯಿಂದ ಹೊರಗೆ ಬರಲೊಲ್ಲದು. ಗರಗಸದಲ್ಲಿ ಸುತ್ತ ಕೊಯ್ಯಬೇಕು, ಅಥವಾ ಚಟ್ಟಿ ಒಡೆಯಬೇಕು. ಗೋಡೆ ಹೊರಕ್ಕೆ ಓರೆಯಾಗಿರುವುದೇ ನಮ್ಮ ಬೆಳವಣಿಗೆಯ ವೇಗಕ್ಕೆ ಸರಿ.

ಅಳತೆ

ಮರದ ಎತ್ತರದ ಮೂರರಲ್ಲಿ ಎರಡು ಪಾಲು ಚಟ್ಟಿಯ ಉದ್ದ, ಬುಡದಲ್ಲಿ ಕಾಂಡದ ದಪ್ಪವೆಷ್ಟೋ ಅಷ್ಟು ಚಟ್ಟಿಯ ಆಳ ಎಂಬುದು ಎಲ್ಲ ಕಡೆ ನಡೆಯುವ ಲೆಕ್ಕ. ಮರ ಎತ್ತರಕ್ಕಿಂತ ಅಗಲವಾಗಿದ್ದರೆ ಅಗಲದ ಮೂರರಲ್ಲಿ ಎರಡು. 45 ಸೆಂ.ಮೀ. ಎತ್ತರ, 5 ಸೆಂ.ಮೀ. ಕಾಂಡದ ಮರಕ್ಕೆ 30 ಸೆಂ.ಮೀ. ಉದ್ದ, 5 ಸೆಂ.ಮೀ. ಆಳ. ಉದ್ದವನ್ನು ನಾನು ಹಾಗೆಯೇ ಪಾಲಿಸುತ್ತೇನೆ. ಆಳಕ್ಕೆ ಒಂದೆರಡು ಸೆಂ.ಮೀ. ಸೇರಿಸುತ್ತೇನೆ. ಮಳೆಗಾಲದಲ್ಲಿ ನೀರಿನ ಪದರದ ಮೇಲೆ ಬೇರಿಗೆ ಉಸಿರಾಡುವ ಜಾಗ ಬೇಕು, ಏಪ್ರಿಲ್‌ನಲ್ಲಿ ಕೆಲಸಕ್ಕೆ ಹೋದವರು ಸಂಜೆ ಬರುವವರೆಗೆ ಒದ್ದೆ ಉಳಿಯಬೇಕು. ಎರಡು ಕಷ್ಟಕ್ಕೂ ಆ ಒಂದೆರಡು ಸೆಂ.ಮೀ. ಸಹಾಯ ಮಾಡುತ್ತದೆ, ಚಂದಕ್ಕೆ ದೊಡ್ಡ ಕುಂದಿಲ್ಲ. ಬಂಡೆಯಿಂದ ಕೆಳಗೆ ಬಾಗಿದಂತೆ ಬೆಳೆಸಿದ ಮರಕ್ಕೆ ಮಾತ್ರ ಎತ್ತರದ, ಆಳದ, ಭಾರದ ಚಟ್ಟಿಯೇ ಬೇಕು.

ಕೊಳ್ಳುವ ಹೊತ್ತು

ಕೈಯಲ್ಲಿ ಹಿಡಿದು ಕೊಳ್ಳುವುದಕ್ಕೆ ಸಮಾನ ಬೇರಿಲ್ಲ. ಜನವರಿಯ ಹೊತ್ತಿಗೆ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ, ಉಡುಪಿ ದೊಡ್ಡಣಗುಡ್ಡೆಯ ಪ್ರದರ್ಶನದಲ್ಲಿ ನರ್ಸರಿಯವರ ಮಳಿಗೆಗಳಿರುತ್ತವೆ. ಟೇಪು, ಒಂದು ಬಾಟಲಿ ನೀರು ಹಿಡಿದುಕೊಂಡು ಹೋಗಿ. ಮಣ್ಣಿನ ಕೆಲಸ ಹೇಗೆ ನಡೆಯುತ್ತದೆಂದು ನೋಡದೆ ಕುಂಬಾರರಲ್ಲಿ ಹೇಳಿ ಮಾಡಿಸುವುದು ಕಷ್ಟ. ಮಂಗಳೂರು ಹೊರವಲಯದ ಪಿಲಿಕುಳದ ಕರಕುಶಲ ಗ್ರಾಮದಲ್ಲಿ ಒಮ್ಮೆ ನಿಂತು ನೋಡಿ ಬನ್ನಿ. ಮೈಸೂರಿಗೆ ಹೋಗುವುದಿದ್ದರೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ತಪ್ಪಿಸಬೇಡಿ. ನೂರಾರು ಮರಗಳು ಚಟ್ಟಿಯೊಂದಿಗೆ ಹೇಗೆ ಕೂರುತ್ತವೆ ಎಂಬುದು ಫೋಟೋ ನೋಡಿದರೆ ತಿಳಿಯುವುದಿಲ್ಲ.

ಆನ್‌ಲೈನಿನಲ್ಲಿ ತರಿಸುವುದಾದರೆ ಮಾರುವವರನ್ನು ಮೂರು ಪ್ರಶ್ನೆ ಕೇಳಿ. ಕೊಟ್ಟ ಅಳತೆ ಹೊರಗಿನದೋ ಒಳಗಿನದೋ? ಬುಡದ ಫೋಟೋ ಕಳಿಸುತ್ತೀರಾ? ದಾರಿಯಲ್ಲಿ ಒಡೆದರೆ ಯಾರ ಹೊಣೆ? ಮೊದಲನೆಯದನ್ನು ಕೇಳದೆ ನಾನು ತರಿಸಿದ 25 ಸೆಂ.ಮೀ. ಚಟ್ಟಿಯ ಒಳಗಡೆ 21 ಮಾತ್ರ ಇತ್ತು. ಗೋಡೆ ಅಷ್ಟು ದಪ್ಪ, ಅಂಚು ಅಷ್ಟು ಅಗಲ. ಅದಕ್ಕೆ ಹಾಕಬೇಕೆಂದಿದ್ದ ಹುಣಸೆಯ ಬೇರನ್ನು ಒಳಗೆ ಹಿಡಿಸಲು ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿದೆ, ಒಂದು ಕೊಂಬೆ ಒಣಗಿಹೋಯಿತು. ಇನ್ನೊಮ್ಮೆ ಬಂದ ಎರಡರಲ್ಲಿ ಒಂದು ಚೂರಾಗಿತ್ತು. ಡಬ್ಬ ಬಿಚ್ಚುವ ವಿಡಿಯೋ ಇಲ್ಲವೆಂದು ಮಾರಿದವರು ಹಣ ಕೊಡಲಿಲ್ಲ. ಅಂದಿನಿಂದ ಡಬ್ಬಕ್ಕೆ ಕತ್ತರಿ ಹಾಕುವ ಮೊದಲು ವಿಡಿಯೋಕ್ಕೆ ಫೋನು ಎದುರು ನಿಲ್ಲಿಸಿಡುತ್ತೇನೆ.

ಬಜೆಟ್ ಒಂದೇ ಚಟ್ಟಿಗೆ ಸಾಕಾಗುವಷ್ಟಿದ್ದರೆ ನನ್ನ ಸಲಹೆ ಹೀಗೆ. ಚಿಕ್ಕ ಗಿಡಗಳೆಲ್ಲ ಮೀನಿನ ಪೆಟ್ಟಿಗೆಯಲ್ಲೇ ಇರಲಿ. ಕಾಂಡ ತಯಾರಾದ ಒಂದು ಮರಕ್ಕೆ ಊರಿನ ಕುಂಬಾರರಿಂದ ಕಾಲು, ತೂತು ಹೇಳಿ ಉರುಟು ಚಟ್ಟಿ ಮಾಡಿಸಿ. ದುಬಾರಿ ಸ್ಟೋನ್‌ವೇರ್ ತಟ್ಟೆಯನ್ನು ವರ್ಷಗಟ್ಟಲೆ ನಿಮ್ಮ ಜೊತೆ ಉಳಿದ ಮರಕ್ಕೆ ಮೀಸಲಿಡಿ. ನನ್ನ ಸಣ್ಣ ಎಲೆಯ ಫೈಕಸ್ ಪೆಟ್ಟಿಗೆಯಲ್ಲಿ ಆರು ಮಳೆಗಾಲ ಕಳೆದು, ಕಾಂಡ ಈಗ ಮುಷ್ಟಿಯಷ್ಟಾಗಿದೆ. ಅದಕ್ಕೆಂದು ತಂದ ಬೂದು ಬಣ್ಣದ ಆಯತದ ಚಟ್ಟಿ ಎರಡು ವರ್ಷದಿಂದ ಚಾವಡಿಯ ಕಪಾಟಿನ ಮೇಲಿದೆ. ಕುಟ್ಟಿದ ಹಂಚು ಚೀಲದಲ್ಲಿ ತಯಾರುಂಟು, ತೂತಿಗೆ ಮುಚ್ಚುವ ಸೊಳ್ಳೆಪರದೆಯ ಜಾಲರಿ ಕತ್ತರಿಸಿ ಇಟ್ಟಿದ್ದೇನೆ. ಮೊದಲ ಮಳೆ ಎರಡು ದಿನ ಬಿದ್ದು ಸೆಕೆ ಇಳಿದ ಮೇಲೆ ಕೈ ಹಾಕುತ್ತೇನೆ.